ದಿಣ್ಣೆಯ ಮಳೆ, ತಗ್ಗಿನ ಬದುಕು: ನೀರು-ನೆಲ ಪ್ರಶ್ನೋತ್ತರ

ಬಿದ್ದ ಮಳೆ ಯಾವ ದಿಣ್ಣೆಯಿಂದ ಇಳಿದು ಯಾವ ಹಳ್ಳ ಸೇರುತ್ತದೋ ಆ ಇಡೀ ನೆಲಕ್ಕೆ ಜಲಾನಯನ ಎನ್ನುತ್ತೇವೆ. ಅದನ್ನು ಉಳಿಸಿಕೊಳ್ಳುವ ಬಗ್ಗೆ ಮಂಡ್ಯ, ಮೈಸೂರು ಕಡೆಯ ಓದುಗರು ಬರೆದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ. ಅಳತೆಗಳನ್ನು ಆದಷ್ಟು ಅಡಿಯಲ್ಲೇ ಕೊಟ್ಟಿದ್ದೇವೆ. ಮೇಸ್ತ್ರಿಗೂ ಜೆಸಿಬಿ ಚಾಲಕರಿಗೂ ಒಗ್ಗುವ ಲೆಕ್ಕ ಅದೇ.

ಪ್ರಶ್ನೆ: ನಮ್ಮೂರ ಹಳ್ಳಕ್ಕೆ ಎರಡು ಚೆಕ್ ಡ್ಯಾಂ ಕಟ್ಟಿದರು. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಎರಡೂ ಹೂಳು ತುಂಬಿ ಸಮತಟ್ಟಾಗಿವೆ. ಸುತ್ತಲ ಬೋರ್‌ವೆಲ್‌ಗಳಲ್ಲೂ ನೀರು ಏರಿಲ್ಲ. ಈಗ ಮೂರನೆಯದಕ್ಕೆ ಜಾಗ ನೋಡುತ್ತಿದ್ದೇವೆ. ಎಲ್ಲಿ ಕಟ್ಟಿಸಿದರೆ ಒಳ್ಳೆಯದು?
— ಗ್ರಾಮ ಪಂಚಾಯಿತಿ ಸದಸ್ಯರು, ನಾಗಮಂಗಲ ತಾಲ್ಲೂಕು

ಉತ್ತರ: ಸದ್ಯಕ್ಕೆ ಎಲ್ಲಿಯೂ ಬೇಡ. ಮೂರನೆಯದೂ ನಾಲ್ಕು ವರ್ಷಕ್ಕೆ ತುಂಬಿಕೊಳ್ಳುತ್ತದೆ. ಹೂಳು ಹಳ್ಳದಲ್ಲಿ ಹುಟ್ಟುವುದಿಲ್ಲ, ಮೇಲಿನ ಗೋಮಾಳದಿಂದ, ಇಳಿಜಾರಿನ ಹೊಲಗಳಿಂದ ಇಳಿದು ಬರುತ್ತದೆ. ಕಾಂಕ್ರೀಟಿಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪವನ್ನು ದಿಣ್ಣೆಯ ಮೇಲೆ ಖರ್ಚು ಮಾಡಿ.

ಮೊದಲು ಲೆಕ್ಕ ನೋಡಿ. ಒಂದು ಮಿಲಿಮೀಟರ್ ಮಳೆ ಒಂದು ಎಕರೆಗೆ ಬಿದ್ದರೆ 4,047 ಲೀಟರ್. ಹಳ್ಳದ ಮೇಲ್ಭಾಗದಲ್ಲಿ 100 ಎಕರೆ ಬೋಳು ದಿಣ್ಣೆ ಇದೆ ಎಂದಿಟ್ಟುಕೊಳ್ಳಿ. ಅಕ್ಟೋಬರಿನ ಒಂದು ಸಂಜೆ 50 ಮಿಲಿಮೀಟರ್ ಸುರಿದರೆ ಅಲ್ಲಿ ಬೀಳುವುದು ಸುಮಾರು 2 ಕೋಟಿ ಲೀಟರ್. ಮೂರರಲ್ಲಿ ಒಂದು ಪಾಲು ಹರಿದರೂ 67 ಲಕ್ಷ ಲೀಟರ್ ಒಂದೆರಡು ಗಂಟೆಯಲ್ಲಿ ನಿಮ್ಮ ಚೆಕ್ ಡ್ಯಾಂ ಮೇಲೆ ಹಾದುಹೋಗುತ್ತದೆ. ಹೋಗುವಾಗ ಮರಳನ್ನೂ ಜೇಡಿಯನ್ನೂ ಅಲ್ಲೇ ಇಳಿಸಿ ಹೋಗುತ್ತದೆ. ನಿಂತ ಅಷ್ಟಿಷ್ಟು ನೀರು ಇಂಗಬೇಕಾದರೆ ತಳದ ಜೇಡಿ ಬಿಡುವುದಿಲ್ಲ. ಬೆಣ್ಣೆಯಂಥ ಆ ಪದರ ಎರಡು ಅಂಗುಲ ಇದ್ದರೂ ಸಾಕು, ಹಳ್ಳದ ಬಾಯಿಗೆ ಮೇಣ ಬಡಿದ ಹಾಗೆ. ಬೋರ್‌ವೆಲ್ ಏರದಿರುವುದಕ್ಕೆ ಇನ್ನೊಂದು ಕಾರಣ ನೆಲದಡಿಯ ಬಂಡೆ. ನಿಮ್ಮ ಕಡೆ ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. 800 ಅಡಿ ಕೊರೆದ ಬೋರ್‌ವೆಲ್‌ಗೆ ಮೇಲೆ ಇಂಗಿದ ನೀರು ನೇರವಾಗಿ ತಲುಪುತ್ತದೆ ಎಂಬ ಖಾತ್ರಿ ಇಲ್ಲ. ಇಂಗಿದ್ದು ಮೊದಲು ತೋರುವುದು ತೆರೆದ ಬಾವಿಯಲ್ಲಿ. ಊರಿನಲ್ಲಿ ಒಂದಾದರೂ ಹಳೇ ಬಾವಿ ಉಳಿದಿದ್ದರೆ ಅದರ ಗೋಡೆಗೆ ಅಡಿಗಳ ಗುರುತು ಬಳಿದು, ತಿಂಗಳಿಗೊಮ್ಮೆ ನೀರಿನ ಮಟ್ಟ ಬರೆದಿಡಿ. ಕೆಲಸ ಫಲ ಕೊಡುತ್ತಿದೆಯೋ ಇಲ್ಲವೋ ಎಂದು ಹೇಳುವುದು ಆ ಬಾವಿಯೇ.

ಮೇಲೆ ಮಾಡಬೇಕಾದ್ದು ಎರಡು ಕೆಲಸ. ಗೋಮಾಳದಲ್ಲಿ ಸಮಪಾತಳಿಗೆ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದ ಗೆರೆಯಲ್ಲಿ, ಬಿಡಿ ಬಿಡಿ ಕಂದಕ, ಅಲ್ಲಿಂದ ಇಳಿಯುವ ಕೊರಕಲುಗಳಿಗೆ ಕಲ್ಲಿನ ತಡೆ. ಕಂದಕ 10 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಆಳ ಇರಲಿ. ತೆಗೆದ ಮಣ್ಣನ್ನು ಕೆಳಬದಿಗೆ, ಕಂದಕದ ಅಂಚಿನಿಂದ ಅರ್ಧ ಅಡಿ ಬಿಟ್ಟು ಹಾಕಬೇಕು. ಅಂಚಿಗೇ ಒತ್ತಿ ಹಾಕಿದರೆ ಮೊದಲ ಮಳೆಗೆ ವಾಪಸ್ ಕಂದಕಕ್ಕೇ ಬೀಳುತ್ತದೆ. ಒಂದು ಕಂದಕ ಸುಮಾರು 850 ಲೀಟರ್ ಹಿಡಿಯುತ್ತದೆ. ಎಕರೆಗೆ 40 ತೋಡಿದರೆ 34 ಸಾವಿರ ಲೀಟರ್, ಅಂದರೆ ಮೇಲೆ ಹೇಳಿದ ಆ 50 ಮಿಲಿಮೀಟರ್ ಮಳೆಯಲ್ಲಿ ಹರಿಯುವ ನೀರಿನ ಅರ್ಧದಷ್ಟು ದಿಣ್ಣೆಯಲ್ಲೇ ನಿಂತಿತು. ಮೇಲಿನ ಸಾಲಿನ ಎರಡು ಕಂದಕಗಳ ನಡುವಿನ ಸಂದಿಗೆ ಸರಿಯಾಗಿ ಕೆಳಸಾಲಿನ ಕಂದಕ ಬರಬೇಕು. ಗೋಡೆಗೆ ಇಟ್ಟಿಗೆ ಜೋಡಿಸುವ ಹಾಗೆಯೇ.

ಕಲ್ಲಿನ ತಡೆಗೆ ಸಿಮೆಂಟ್ ಬೇಡ, ಜಾಣ್ಮೆ ಬೇಕು. ಎತ್ತರ 3 ಅಡಿ ದಾಟಬಾರದು. ಬುಡಕ್ಕೆ ಒಂದು ಅಡಿ ಪಾಯ ತೋಡಿ. ಎರಡೂ ದಡದೊಳಕ್ಕೆ ಒಂದೂವರೆ ಅಡಿ ಕಲ್ಲು ಹೋಗಿ ಕೂರಲಿ. ತಲೆ ಒಂದೂವರೆ ಅಡಿ ಅಗಲ. ಮೇಲ್ಮುಖದ ಇಳಿಜಾರು ಅಡಿಗೆ ಒಂದು ಅಡಿ, ಕೆಳಮುಖದ್ದು ಅಡಿಗೆ ಎರಡು ಅಡಿ. ನಡುಭಾಗ ದಡದ ಕಡೆಗಿಂತ ಒಂದು ಅಡಿ ತಗ್ಗಿರಬೇಕು, ಉಕ್ಕಿದ ನೀರು ಅಲ್ಲಿಂದಲೇ ದಾಟಲಿ. ದಾಟಿದ ನೀರು ಬೀಳುವ ಜಾಗಕ್ಕೆ ನಾಲ್ಕೈದು ಅಡಿ ಚಪ್ಪಟೆ ಕಲ್ಲು ಹಾಸಿ. 12 ಅಡಿ ಅಗಲದ ಕೊರಕಲಿಗೆ ಮೂರರಿಂದ ನಾಲ್ಕು ಟ್ರ್ಯಾಕ್ಟರ್ ಲೋಡ್ ಕಲ್ಲು ಹಿಡಿಯುತ್ತದೆ.

ಎರಡು ತಡೆಗಳ ನಡುವಿನ ಅಂತರ ಕಣ್ಣಳತೆಯಲ್ಲಿ ಬೇಡ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು. ಮೇಸ್ತ್ರಿಗಳ ಹತ್ತಿರ ಇರುವ ನೀರಿನ ಟ್ಯೂಬ್‌ನಿಂದಲೇ ಇದನ್ನು ಅಳೆಯಬಹುದು. ಕೊರಕಲಿನ ತಳ 100 ಅಡಿಗೆ 4 ಅಡಿ ಇಳಿಯುತ್ತಿದ್ದರೆ, 3 ಅಡಿ ಎತ್ತರದ ತಡೆಗಳು 75 ಅಡಿಗೊಂದು ಬರುತ್ತವೆ.

ಇವು ಕೆಡುವ ಬಗೆ ಎಲ್ಲ ಕಡೆ ಒಂದೇ. ನಡುವೆ ತಗ್ಗು ಬಿಡದೆ ಮಟ್ಟಸವಾಗಿ ಪೇರಿಸಿದರೆ ನೀರು ದಡದ ಮಣ್ಣನ್ನು ಕೊರೆದು ಪಕ್ಕದಿಂದ ಹೊಸ ದಾರಿ ಮಾಡಿಕೊಳ್ಳುತ್ತದೆ. ಮರುವರ್ಷ ಕಲ್ಲಿನ ಗುಡ್ಡೆ ನಡುವೆ ಒಣಗಿ ನಿಂತಿರುತ್ತದೆ, ಹಳ್ಳ ಪಕ್ಕದಲ್ಲಿ ಹರಿಯುತ್ತಿರುತ್ತದೆ. ಉರುಟು ಗುಂಡುಕಲ್ಲು ಒಂದರ ಮೇಲೊಂದು ನಿಲ್ಲುವುದಿಲ್ಲ, ಮೂಲೆ ಇರುವ ಕಲ್ಲೇ ಬೇಕು. ಇನ್ನೊಂದು ಎಡವಟ್ಟು, ಹತ್ತಿರದಲ್ಲಿ ಸಿಗುತ್ತದೆಂದು ಹೊಲದ ಹಳೆಯ ಬದುವಿನ ಕಲ್ಲನ್ನೇ ಕಿತ್ತು ತರುವುದು.

ಇಷ್ಟು ಮುಗಿದು ಒಂದು ಮಳೆಗಾಲ ಕಳೆದ ಮೇಲೆ ಈಗಿರುವ ಎರಡು ಚೆಕ್ ಡ್ಯಾಂಗಳ ಹೂಳು ತೆಗೆಸಿ. ಮೂರನೆಯದು ಬೇಕೇ ಎಂಬ ಮಾತು ಆಮೇಲೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಮೇಯಿಸುತ್ತಲೇ ಕಟ್ಟೆಗಳನ್ನು ತೋಡಿದ್ದು ಕುಂದೂರು ಬೆಟ್ಟದ ಮೇಲೆ, ಕೆಳಗಿನ ಹಳ್ಳದಲ್ಲಲ್ಲ ಎಂಬುದನ್ನು ನೆನಪಿಡಿ.

ಪ್ರಶ್ನೆ: ಮೂರು ಎಕರೆ ಕೆಂಪು ಮಣ್ಣಿನ ಹೊಲ, ರಾಗಿ ಬೆಳೆಯುತ್ತೇನೆ. ಪ್ರತಿ ವರ್ಷ ಬದು ಹಾಕಿಸುತ್ತೇನೆ, ಪ್ರತಿ ವರ್ಷ ಒಡೆಯುತ್ತದೆ. ಎತ್ತರ ಸಾಲದೇ?
— ರೈತರು, ಪಾಂಡವಪುರ ತಾಲ್ಲೂಕು

ಉತ್ತರ: ಎತ್ತರ ಏರಿಸಿದರೆ ಇನ್ನೂ ಜೋರಾಗಿ ಒಡೆಯುತ್ತದೆ. ಬದು ಒಡೆಯುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಅದು ಸಮಪಾತಳಿಯಲ್ಲಿ ಇಲ್ಲ. ಹೊಲದ ಚೌಕಕ್ಕೆ ಹೊಂದುವ ಹಾಗೆ ಹಗ್ಗ ಹಿಡಿದು ನೇರ ಹಾಕಿರುತ್ತಾರೆ, ನೀರೆಲ್ಲ ತಗ್ಗಿರುವ ಒಂದು ಮೂಲೆಗೆ ಬಂದು ಒತ್ತುತ್ತದೆ. ಇನ್ನೊಂದು, ಹೆಚ್ಚಾದ ನೀರು ಹೊರಹೋಗುವ ಕೋಡಿ ಬಿಟ್ಟಿರುವುದಿಲ್ಲ. ದಾರಿ ಕೊಡದಿದ್ದರೆ ನೀರು ತಾನೇ ದಾರಿ ಮಾಡಿಕೊಳ್ಳುತ್ತದೆ.

ಮಟ್ಟ ಗುರುತು ಮಾಡಲು ಇಂಜಿನಿಯರ್ ಬೇಕಿಲ್ಲ. ಏಳು ಅಡಿಯ ಎರಡು ಗಳ ತೆಗೆದುಕೊಳ್ಳಿ. ತುದಿಗಳನ್ನು ಒಟ್ಟಿಗೆ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಅಡ್ಡಗಳ ಬಿಗಿಯಿರಿ. ಮೇಲಿನ ಗಂಟಿನಿಂದ ದಾರಕ್ಕೆ ಕಲ್ಲು ಕಟ್ಟಿ, ಅಡ್ಡಗಳದ ಮುಂದೆ ತೂಗುವಂತೆ ಇಳಿಬಿಡಿ. ಈಗ ಎರಡು ಗೂಟಗಳ ಮೇಲೆ ಇದನ್ನು ನಿಲ್ಲಿಸಿ ದಾರ ಅಡ್ಡಗಳವನ್ನು ಮುಟ್ಟುವ ಜಾಗಕ್ಕೆ ಗೆರೆ ಎಳೆಯಿರಿ. ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲೆ ನಿಲ್ಲಿಸಿ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಟ್ಟನಡುವೆ ಒಂದು ಕಚ್ಚು ಹಾಕಿ. ದಾರ ಆ ಕಚ್ಚಿಗೆ ಬಂದಾಗ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಹೊಲದ ಒಂದು ಬದಿಯಿಂದ ಶುರುಮಾಡಿ, ಒಂದು ಕಾಲನ್ನು ಊರಿ ಇನ್ನೊಂದನ್ನು ದಾರ ಕಚ್ಚಿಗೆ ಬರುವ ತನಕ ಮೇಲೆ ಕೆಳಗೆ ಆಡಿಸುತ್ತ, ಅಲ್ಲೊಂದು ಗೂಟ, ಮುಂದೆ ಇನ್ನೊಂದು ಗೂಟ. ಗಾಳಿ ಇರುವ ಹೊತ್ತಿನಲ್ಲಿ ಇದು ಆಗುವುದಿಲ್ಲ, ಕಲ್ಲು ಆಡುತ್ತದೆ. ಬೆಳಗ್ಗೆಯೇ ಮುಗಿಸಿ. ಗೂಟದ ಸಾಲು ಹಾವಿನಂತೆ ಬಳುಕಿದರೆ ಗಾಬರಿಯಾಗಬೇಡಿ. ತೀರಾ ಚೂಪಾದ ತಿರುವುಗಳನ್ನು ಮಾತ್ರ ಸ್ವಲ್ಪ ಸವರಿಕೊಳ್ಳಿ.

ಬದುಗಳ ನಡುವಿನ ಅಂತರ ಇಳಿಜಾರಿನ ಮೇಲೆ ನಿಂತಿದೆ. 100 ಅಡಿಗೆ 3 ಅಡಿ ಇಳಿಯುವ ಹೊಲಕ್ಕೆ ಸುಮಾರು 100 ಅಡಿಗೊಂದು ಬದು ಸಾಕು. ಬುಡ 6 ಅಡಿ, ತಲೆ ಒಂದೂವರೆ ಅಡಿ, ಎತ್ತರ 2 ಅಡಿ. ಹೊಸ ಮಣ್ಣು ಕುಸಿಯುವುದರಿಂದ ಹಾಕುವಾಗ ಎರಡು-ಮೂರು ಅಂಗುಲ ಹೆಚ್ಚಿಗೇ ಇರಲಿ. ಅರ್ಧ ಅಡಿಗೊಮ್ಮೆ ತುಳಿಸಿ ಗಟ್ಟಿ ಮಾಡಿಸಬೇಕು. ಜೆಸಿಬಿಯವರು ಒಂದೇ ಸಲ ಸುರಿದು ಬಕೆಟ್ಟಿನ ಬೆನ್ನಿಂದ ಎರಡು ಏಟು ಕೊಟ್ಟು ಹೋಗುತ್ತಾರೆ, ಅದು ಗಟ್ಟಿಯಾಗುವುದು ಮೇಲೆ ಮಾತ್ರ. ಬುಡದ ಹುಲ್ಲು, ಕಳೆ, ಕಡ್ಡಿ ಕೆತ್ತಿ ತೆಗೆಯದೆ ಮಣ್ಣು ಸುರಿದರೆ ಅವು ಕೊಳೆತ ಮೇಲೆ ಒಳಗೆ ಬಿಲ ಬೀಳುತ್ತದೆ. ಇಲಿ ಹೆಗ್ಗಣಗಳ ಬಿಲವೂ ಇದೇ ಕೆಲಸ ಮಾಡುತ್ತದೆ.

ಕೋಡಿಯ ಹೊಸ್ತಿಲು ನೆಲದಿಂದ ಒಂದು ಅಡಿ ಮೇಲಿರಲಿ, ಕಲ್ಲು ಹಾಸಿರಲಿ. ಒಂದು ಎಕರೆಯ ನೀರು ಮಾತ್ರ ಬರುವ ಮೇಲಿನ ಬದುವಿಗೆ 2 ಅಡಿ ಅಗಲದ ಕೋಡಿ ನಡೆಯುತ್ತದೆ. ಮೂರೂ ಎಕರೆಯ ನೀರು ಹೊರುವ ಕೆಳಗಿನ ಬದುವಿಗೆ 5 ಅಡಿ ಬೇಕು. ಇಲ್ಲೇ ತುಂಬ ಜನ ತಪ್ಪುವುದು, ಎಲ್ಲ ಬದುವಿಗೂ ಒಂದೇ ಅಳತೆ. ಕೋಡಿಗಳು ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಇದ್ದರೆ ನೀರು ಹೊಲದಲ್ಲೆಲ್ಲ ಸುತ್ತಿ ನಿಧಾನಕ್ಕೆ ಇಳಿಯುತ್ತದೆ. ಕೊನೆಯ ಕೋಡಿಯ ನೀರು ಪಕ್ಕದವರ ಹೊಲಕ್ಕೆ ಬೀಳುವುದಾದರೆ ಮೊದಲೇ ಅವರ ಹತ್ತಿರ ಮಾತಾಡಿಕೊಳ್ಳಿ. ಬದುವಿನ ಜಗಳ ಠಾಣೆಗೆ ಹೋದ ಮೇಲೆ ಸಮಪಾತಳಿಯ ಮಾತು ಯಾರೂ ಕೇಳುವುದಿಲ್ಲ.

ಬದುವಿನ ಮೇಲ್ಬದಿಗೆ ಮುಂಗಾರಿನ ಮೊದಲ ಹದ ಮಳೆಗೆ ಅರ್ಧ ಅಡಿಗೊಂದು ಲಾವಂಚದ ಬುಡ ನೆಡಿ. ಎರಡು ವರ್ಷಕ್ಕೆ ಬೇಲಿಯಂತೆ ಕೂಡಿಕೊಂಡು ಮಣ್ಣು ಹಿಡಿಯುತ್ತದೆ. ಬೇರಿಗೆ ಬೆಲೆ ಇದೆಯೆಂದು ಅಗೆದು ಮಾರಿದರೆ ಬದುವೂ ಅದರ ಜೊತೆಗೇ ಹೋಗುತ್ತದೆ. ಉಳುಮೆ, ಕೂರಿಗೆ ಎರಡೂ ಇಳಿಜಾರಿಗೆ ಅಡ್ಡಲಾಗಿ ಸಾಗಲಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ತೊಗರಿ ಸಾಲುಗಳ ನಡುವೆ ಒಂದು ಆಳದ ಸಾಲು ತೆರೆದಿಟ್ಟರೆ ಅದು ನಿಮ್ಮ ಹೊಲದೊಳಗಿನ ಸಣ್ಣ ಕಂದಕ.

ಪ್ರಶ್ನೆ: ನಾವು ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನವರು. ನೀರು ಕನ್ನಂಬಾಡಿಯಿಂದ ಬರುತ್ತದೆ. ದಿಣ್ಣೆ, ಬದು, ಜಲಾನಯನ ಎಂಬುದೆಲ್ಲ ಒಣಭೂಮಿಯವರ ತಲೆನೋವಲ್ಲವೇ?
— ಕಬ್ಬು ಬೆಳೆಗಾರರು, ಮಂಡ್ಯ ತಾಲ್ಲೂಕು

ಉತ್ತರ: ಕನ್ನಂಬಾಡಿಗೆ ನೀರು ಎಲ್ಲಿಂದ ಬರುತ್ತದೆ? ಕೊಡಗು, ಹಾಸನದ ಕಡೆಯ 10,619 ಚದರ ಕಿಲೋಮೀಟರ್ ನೆಲದಿಂದ. ಅಷ್ಟೂ ನೆಲದಿಂದ ಬರೀ ಒಂದು ಸೆಂಟಿಮೀಟರ್ ನೀರು ಇಳಿದು ಬಂದರೆ 3.75 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಭತ್ತಕ್ಕೆ ಒಟ್ಟು 4 ಅಡಿ ನೀರು ಎಂದು ಹಿಡಿದರೆ ಒಂದು ಟಿಎಂಸಿಗೆ 5,700 ಎಕರೆ, ನಾಲೆಯಲ್ಲಿ ಸೋರುವುದನ್ನು ಲೆಕ್ಕಕ್ಕೆ ಹಿಡಿಯದೆ. ಆ ಒಂದು ಸೆಂಟಿಮೀಟರ್ ಎಂದರೆ 21 ಸಾವಿರ ಎಕರೆಗೂ ಹೆಚ್ಚು ಭತ್ತ. ಅಣೆಕಟ್ಟೆಯ ಹೊಟ್ಟೆ 49.45 ಟಿಎಂಸಿ ಮಾತ್ರ. ಜುಲೈ-ಆಗಸ್ಟಿನಲ್ಲಿ ಒಂದೇ ಸಮನೆ ನುಗ್ಗಿದರೆ ಗೇಟು ತೆಗೆದು ಬಿಡಲೇಬೇಕು. ಅದೇ ನೀರು ಕಾಡಿನ ತರಗೆಲೆಯಡಿ, ಕಣಿವೆಯ ಗದ್ದೆಗಳಲ್ಲಿ ನಿಂತು ನವೆಂಬರ್, ಡಿಸೆಂಬರ್‌ವರೆಗೂ ಊಟೆಯಾಗಿ ಬಂದರೆ ನಿಮ್ಮ ಕೂಳೆ ಕಬ್ಬಿಗೆ ಬೇಸಿಗೆ ನೀರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಇಳಿದ ಮಣ್ಣು ಕೊಡಗಿನಲ್ಲೇ ನಿಲ್ಲುವ ಮಣ್ಣಲ್ಲ. ಹೊಳೆಗೆ ಬಿದ್ದದ್ದು ಕೆಳಗಿನವರ ಲೆಕ್ಕಕ್ಕೇ ಸೇರುತ್ತದೆ.

ಮಂಡ್ಯದ ಬದುಕು ಈ ನೀರಿನ ಮೇಲೆಯೇ ಕಟ್ಟಿದ್ದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ನಾಲೆ ಬಂದ ಮೇಲೆ ಕಬ್ಬು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಊರೂರಿಗೆ ಆಲೆಮನೆ. ಇವತ್ತು ಬೆಂಗಳೂರಿನ ನಲ್ಲಿಗೆ ಹೋಗುವ ಕಾವೇರಿಯೂ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ ಮೇಲೇರುತ್ತದೆ. ಮೇಲಿನ ನೆಲ ಕೆಟ್ಟರೆ ಇಷ್ಟೂ ಲೆಕ್ಕ ಏರುಪೇರಾಗುತ್ತದೆ.

ಇನ್ನು ನಿಮ್ಮ ಗದ್ದೆಯೂ ಒಂದು ಜಲಾನಯನದ ತಗ್ಗೇ. ನೀರು ಬರುವ ಕಡೆ ನೋಡುತ್ತೀರಿ, ಹೋಗುವ ಕಡೆ? ಹೆಚ್ಚಿನ ನೀರು ಬಸಿದುಹೋಗುವ ಬಸಿಗಾಲುವೆ ಮುಚ್ಚಿ ತೆವರಿ ಅಗಲ ಮಾಡಿಕೊಂಡ ಕಡೆಯಲ್ಲೆಲ್ಲ ಜವಳು (ನೀರು ನಿಂತು ಕೆಟ್ಟ ನೆಲ), ಅದರ ಹಿಂದೆಯೇ ಚೌಳು (ಉಪ್ಪು, ಕ್ಷಾರ ಏರಿದ ನೆಲ). ಬೇಸಿಗೆಯಲ್ಲಿ ಬದುವಿನ ಮೇಲೆ ಬಿಳಿ ಪುಡಿ ಕಂಡರೆ ಮಣ್ಣು ಪರೀಕ್ಷೆ ಮಾಡಿಸಿ. ವರದಿಯಲ್ಲಿ ಲವಣಾಂಶದ ಸೂಚಿ (ಇ.ಸಿ.) 4 ದಾಟಿ ರಸಸಾರ (ಪಿ.ಎಚ್.) 8.5ರ ಒಳಗಿದ್ದರೆ ಅದು ಉಪ್ಪಿನ ಚೌಳು. ಅದಕ್ಕೆ ಜಿಪ್ಸಂ ಹಾಕಿ ದುಡ್ಡು ಕಳೆಯಬೇಡಿ. ಮೂರರಿಂದ ನಾಲ್ಕು ಅಡಿ ಆಳದ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ತೊಳೆದು ಹೊರಗೆ ಕಳಿಸಬೇಕು. ರಸಸಾರ 8.5 ದಾಟಿದ್ದರೆ, ಮಣ್ಣು ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು ಎನ್ನುವಂತಿದ್ದರೆ, ಆಗ ಜಿಪ್ಸಂ. ಎಷ್ಟು ಎಂಬುದನ್ನು ಪ್ರಯೋಗಾಲಯದ ವರದಿ ನೋಡಿಯೇ ಹಾಕಿ. ಎರಡಕ್ಕೂ ಬಸಿಗಾಲುವೆ ಇಲ್ಲದೆ ಪರಿಹಾರ ಇಲ್ಲ. ಬಸಿಗಾಲುವೆ ಒಬ್ಬರ ಗದ್ದೆಯಲ್ಲಿ ಶುರುವಾಗಿ ಅಲ್ಲೇ ಮುಗಿಯುವಂಥದ್ದಲ್ಲ, ಹಳ್ಳ ಸೇರುವ ತನಕ ಎಲ್ಲರೂ ಅದಕ್ಕೆ ಜಾಗ ಬಿಡಬೇಕು.

ಚೌಳಿನ ಕಬ್ಬಿನ ಪೆಟ್ಟು ಮೊದಲು ತಿಳಿಯುವುದು ಆಲೆಮನೆಯಲ್ಲಿ. ಬೆಲ್ಲ ಕಪ್ಪಾಗುತ್ತದೆ, ನಾಲಿಗೆಗೆ ಉಪ್ಪುಪ್ಪು, ಅಚ್ಚು ಗಟ್ಟಿ ಕಟ್ಟುವುದಿಲ್ಲ, ಮಳೆಗಾಲದಲ್ಲಿ ನೀರೊಡೆಯುತ್ತದೆ. ಬಣ್ಣ ಏರಿಸಲೆಂದು ಕೊಪ್ಪರಿಗೆಗೆ ಇನ್ನಷ್ಟು ರಾಸಾಯನಿಕ ಸುರಿಯುವ ಬದಲು ಗದ್ದೆಯ ನೀರಿಗೆ ಹೊರದಾರಿ ತೆಗೆಯುವುದು ಅಗ್ಗ.

ಪ್ರಶ್ನೆ: 12 ಮೀಟರ್ ಉದ್ದಗಲ, 3 ಮೀಟರ್ ಆಳದ ಕೃಷಿ ಹೊಂಡದಲ್ಲಿ ಎಷ್ಟು ನೀರು ನಿಲ್ಲುತ್ತದೆ? ಎಷ್ಟು ಎಕರೆಗೆ ಸಾಕು? ಪ್ಲಾಸ್ಟಿಕ್ ಹಾಸಲೇಬೇಕೆ?
— ಮಳವಳ್ಳಿ ತಾಲ್ಲೂಕಿನಿಂದ

ಉತ್ತರ: ಪಕ್ಕಗಳನ್ನು ಅಡಿಗೆ ಅಡಿ ಇಳಿಜಾರು ಕೊಟ್ಟು ತೋಡಿದರೆ ತಳ 6 ಮೀಟರ್ ಉದ್ದಗಲಕ್ಕೆ ಇಳಿಯುತ್ತದೆ, ಹಿಡಿಯುವುದು 2.52 ಲಕ್ಷ ಲೀಟರ್. 12ನ್ನು 12ರಿಂದ, ಮತ್ತೆ 3ರಿಂದ ಗುಣಿಸಿ 4.32 ಲಕ್ಷ ಎಂದು ಹೇಳುವವರ ಮಾತು ನಂಬಬೇಡಿ. ಒಂದು ಎಕರೆಗೆ ಒಂದು ಅಂಗುಲ ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ಆವಿಯಾಗುವುದನ್ನು ಕಳೆದರೆ ಎರಡು ಎಕರೆ ರಾಗಿಗೆ ತೆನೆ ಬರುವ ಹೊತ್ತಿನಲ್ಲಿ ಒಂದು ಸಲ ತುಂತುರು ನೀರಾವರಿ. ಅಷ್ಟೇ ಎನಿಸಬಹುದು, ಆದರೆ ಮಳೆ ಮೂರು ವಾರ ಕೈಕೊಟ್ಟ ವರ್ಷ ಬೆಳೆ ಉಳಿಯುವುದು ಆ ಒಂದು ಅಂಗುಲದಿಂದಲೇ. ತುಂಬಿದ ಹೊಂಡದ ಮೇಲ್ಮೈಯಿಂದ ದಿನಕ್ಕೆ 5 ಮಿಲಿಮೀಟರ್ ಆರಿದರೂ 720 ಲೀಟರ್ ಹೋಯಿತು. ಬೇಸಿಗೆಗೆಂದು ಕೂಡಿಡಬೇಡಿ, ಬೆಳೆ ಬಾಡಿದಾಗ ಬಳಸಿ, ಮುಂದಿನ ಮಳೆಗೆ ಮತ್ತೆ ತುಂಬಲಿ.

ಕೆಂಪು ಮಣ್ಣಿನಲ್ಲಿ ನೀರು ನಿಲ್ಲಬೇಕೆಂದರೆ ಹಾಸು ಬೇಕು, 500 ಮೈಕ್ರಾನಿನದು. ಅಂಚನ್ನು ಸುತ್ತಲೂ ಒಂದೂವರೆ ಅಡಿ ಕಾಲುವೆ ತೋಡಿ ಹೂಳಿ, ಇಲ್ಲದಿದ್ದರೆ ಗಾಳಿ ಎತ್ತಿ ಹರಿಯುತ್ತದೆ. ಹಾಸುವ ಮೊದಲು ಕೂಳೆ, ಚೂಪುಗಲ್ಲು ಆರಿಸಿ ಎರಡು ಅಂಗುಲ ನುಣ್ಣನೆ ಮಣ್ಣು ಹರಡಿ. ನೀರು ಇಂಗಿ ಪಕ್ಕದ ಬಾವಿಗೆ ಹೋಗಲಿ ಎಂಬುದೇ ಉದ್ದೇಶವಾದರೆ ಹಾಸು ಬೇಡವೇ ಬೇಡ. ನೀರು ಒಳಬರುವ ಬಾಯಿಯಲ್ಲಿ 6 ಅಡಿ ಉದ್ದಗಲ, 3 ಅಡಿ ಆಳದ ಹೂಳುಗುಂಡಿ ಇರಲೇಬೇಕು. ಪ್ರತಿ ಜೋರು ಮಳೆಯ ನಂತರ ಅದನ್ನು ಮೊಗೆದು ಹಾಕುವುದು ಅರ್ಧ ಗಂಟೆಯ ಕೆಲಸ. ಹೊಂಡದೊಳಗೆ ಸೇರಿದ ಹೂಳನ್ನು ಹಾಸು ಹರಿಯದ ಹಾಗೆ ತೆಗೆಯುವುದು ಎಷ್ಟು ದಿನದ ಕೆಲಸವೋ ಹೇಳಲಾಗದು. ಸುತ್ತ ತಂತಿಬೇಲಿ ಹಾಕಿ, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಪ್ಲಾಸ್ಟಿಕ್ ಜಾರುತ್ತದೆ, ಈಜು ಬಂದವರಿಗೂ ಮೇಲೆ ಹತ್ತಲಾಗುವುದಿಲ್ಲ. ಈ ಒಂದು ವಿಷಯದಲ್ಲಿ ಉಳಿತಾಯ ಬೇಡ.

ಪ್ರಶ್ನೆ: ಕೆರೆಯ ಗೋಡನ್ನು ಹೊಲಕ್ಕೆ ಎಷ್ಟು ಲೋಡ್ ಹಾಕಬಹುದು?
— ಕೃಷ್ಣರಾಜಪೇಟೆ

ಉತ್ತರ: ಮರಳು ಹೊಲಕ್ಕೆ ಒಂದು ಅಂಗುಲ ದಪ್ಪ ಹರಡಲು ಎಕರೆಗೆ ಸುಮಾರು 100 ಘನ ಮೀಟರ್, ಟ್ರ್ಯಾಕ್ಟರಿಗೆ 3 ಘನ ಮೀಟರ್ ಎಂದರೆ 34 ಲೋಡ್. ಮೊದಲ ವರ್ಷಕ್ಕೆ ಇಷ್ಟು ಸಾಕು. ಚರಂಡಿ ಸೇರುವ ಕೆರೆಯದ್ದಾದರೆ ಪರೀಕ್ಷೆ ಮಾಡಿಸದೆ ತರಬೇಡಿ. ಏರಿಯ ಬುಡದಿಂದ ಹತ್ತು-ಹದಿನೈದು ಮೀಟರ್ ಬಿಟ್ಟು ತೆಗೆಯಿರಿ. ಅಂಗಳದಲ್ಲಿ ಗರಸು ಕಂಡ ಕೂಡಲೇ ನಿಲ್ಲಿಸಿ, ಅದರಾಚೆ ಕೆರೆ ಸೋರುತ್ತದೆ. ಇಟ್ಟಿಗೆಗೂಡಿನವರು ಅಲ್ಲಲ್ಲಿ ಬಾವಿಯಂತೆ ಗುಂಡಿ ತೋಡಿ ಬಿಟ್ಟರೆ ಅದು ಹೂಳೆತ್ತಿದಂತಲ್ಲ. ದನಗಳೂ ಮಕ್ಕಳೂ ಜಾರಿ ಬೀಳುವ ಜಾಗ ಆಗುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಗೆ ಸುತ್ತ ಕಲ್ಲು ಕಟ್ಟಿ, ನಡೆಯುವ ಹಾದಿ ಮಾಡಿ ಅಭಿವೃದ್ಧಿಪಡಿಸುತ್ತಾರಂತೆ. ನಿವಾಸಿಗಳಾಗಿ ನಾವು ಏನು ಕೇಳಬೇಕು?
— ಮೈಸೂರು

ಉತ್ತರ: ಹಾದಿಯ ಟೈಲ್ಸ್ ಬಗ್ಗೆ ಕೇಳುವ ಮುಂಚೆ ಕೆರೆಗೆ ನೀರು ತರುವ ಕಾಲುವೆ ಎಲ್ಲಿದೆ ಎಂದು ಕೇಳಿ. ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆಗಳ ಗೆರೆ ಇರುತ್ತದೆ. ಅದನ್ನು ಹಿಡಿದು ಒಂದು ಭಾನುವಾರ ನಡೆದು ನೋಡಿ, ಎಲ್ಲಿ ಸೈಟ್ ಆಗಿದೆ, ಎಲ್ಲಿ ಕಟ್ಟಡದ ಅವಶೇಷ ಸುರಿದಿದ್ದಾರೆ, ಎಲ್ಲಿ ಒಳಚರಂಡಿಯ ಮ್ಯಾನ್‌ಹೋಲ್ ಉಕ್ಕಿ ಸೇರುತ್ತಿದೆ ಎಂದು ಗುರುತು ಹಾಕಿಕೊಳ್ಳಿ. 1828ರ ಲಿಂಗಾಂಬುಧಿ ಕೆರೆಯನ್ನೂ 1864ರ ಕುಕ್ಕರಹಳ್ಳಿ ಕೆರೆಯನ್ನೂ ಕಟ್ಟಿದವರು ಮೊದಲು ನೋಡಿದ್ದು ನೀರು ಬರುವ ಮೇಲಿನ ಇಳಿಜಾರನ್ನೇ. ಕಾವೇರಿ ನೀರನ್ನು ಊರಿಗೆ ತರಲೆಂದು ತೋಡಿದ ಪೂರ್ಣಯ್ಯ ನಾಲೆ ಇವತ್ತು ಎಷ್ಟೋ ಕಡೆ ಒತ್ತುವರಿಯಾಗಿ ಚರಂಡಿಯಂತಾಗಿದೆ ಎಂದು ಮೈಸೂರಿನವರಿಗೆ ಹೇಳಬೇಕಿಲ್ಲ.

ಕೆರೆಯ ದಡವನ್ನು ಸುತ್ತಲೂ ಬಟ್ಟಲಿನಂತೆ ಕಡಿದಾಗಿ ಕಲ್ಲು ಕಟ್ಟಲು ಬಿಡಬೇಡಿ. ಏರಿಯ ಬದಿಗೆ ಕಲ್ಲು ಸರಿ. ಉಳಿದ ಕಡೆ ನೀರು ತೆಳ್ಳಗೆ ಹರಡಿ ಜೊಂಡು ಬೆಳೆಯುವ ಅಂಚು ಬೇಕು. ಕೊಳೆಯನ್ನು ಹಿಡಿಯುವುದೂ ಅದೇ, ಹಕ್ಕಿ ನಿಲ್ಲುವುದೂ ಅಲ್ಲೇ. ನೀರು ಒಳಬರುವ ಬಾಯಿಯಲ್ಲಿ ಹೂಳುಗುಂಡಿ, ಕಸ ಹಿಡಿಯುವ ಜಾಲರಿ, ಅದರ ಪಕ್ಕಕ್ಕೆ ಟ್ರ್ಯಾಕ್ಟರ್ ಇಳಿಯುವ ದಾರಿ ನಕ್ಷೆಯಲ್ಲಿ ಇದೆಯೇ ನೋಡಿ. ದಾರಿ ಇಲ್ಲದಿದ್ದರೆ ಆ ಗುಂಡಿಯ ಹೂಳನ್ನು ಯಾರೂ ಎತ್ತುವುದಿಲ್ಲ. ನಿಮ್ಮ ಮನೆಯ 1,000 ಚದರ ಅಡಿ ತಾರಸಿಯಿಂದಲೂ ವರ್ಷಕ್ಕೆ 50 ಸಾವಿರ ಲೀಟರ್‌ಗೂ ಹೆಚ್ಚು ಮಳೆನೀರು ಸಿಗುತ್ತದೆ. ಅದರ ಪೈಪನ್ನು ಒಳಚರಂಡಿಗೆ ಜೋಡಿಸಿದವರು ನಮ್ಮ ಓದುಗರಲ್ಲೂ ಇರಬಹುದು. ಮಳೆ ಬಂದ ದಿನ ಮ್ಯಾನ್‌ಹೋಲ್ ಉಕ್ಕಿ ಕೆರೆ ಸೇರುವುದಕ್ಕೆ ಅದೂ ಒಂದು ಕಾರಣ.

ಪ್ರಶ್ನೆ: ದಿಣ್ಣೆ ಕಾಯಬೇಕು ಎನ್ನುತ್ತೀರಿ. ಆದರೆ ದಿಣ್ಣೆಯಲ್ಲಿ ಕುರಿ ಮೇಯಿಸುವವರೇ ಬೇರೆ, ಕೆಳಗೆ ಕೆರೆ ನೀರಿನಲ್ಲಿ ಭತ್ತ ಬೆಳೆಯುವವರೇ ಬೇರೆ. ಅವರು ಯಾಕೆ ಬಿಟ್ಟುಕೊಡಬೇಕು?
— ಸ್ವಸಹಾಯ ಸಂಘದ ಸದಸ್ಯೆ, ಮದ್ದೂರು ತಾಲ್ಲೂಕು

ಉತ್ತರ: ಪುಕ್ಕಟೆ ಯಾಕೆ ಬಿಟ್ಟುಕೊಡಬೇಕು? ಬಿಡಬೇಕಾಗಿಲ್ಲ. ಜಲಾನಯನದ ಕೆಲಸಗಳು ಬಿದ್ದುಹೋಗುವುದು ಬದು ಸರಿಯಿಲ್ಲದೆ ಎಷ್ಟೋ, ಈ ಪ್ರಶ್ನೆಗೆ ಉತ್ತರ ಕೊಡದೆ ಅದಕ್ಕಿಂತ ಹೆಚ್ಚು.

ಚಂಡೀಗಢದಲ್ಲಿ 1958ರಲ್ಲಿ ಕಟ್ಟಿದ ಸುಖ್ನಾ ಕೆರೆ ಬೇಗನೆ ಹೂಳು ತುಂಬತೊಡಗಿತು. ಹೂಳಿನ ಜಾಡು ಹಿಡಿದು ಹೋದವರು ಶಿವಾಲಿಕ್ ಬೆಟ್ಟದ ತಪ್ಪಲಿನ ಸುಖೋಮಾಜ್ರಿ ಎಂಬ ಹಳ್ಳಿಗೆ ಬಂದು ನಿಂತರು. ಆ ಊರಿನವರ ಮೇಕೆ, ದನ ಬೆಟ್ಟವನ್ನು ಬೋಳು ಮಾಡಿದ್ದವು. ಮೇಯಿಸಬೇಡಿ ಎಂದರೆ ಯಾರು ಕೇಳುತ್ತಾರೆ? 1970ರ ದಶಕದಲ್ಲಿ ಅಲ್ಲಿಗೇ ಒಂದು ಮಣ್ಣಿನ ಕಟ್ಟೆ ಕಟ್ಟಿ, ಅದರ ನೀರಿನಲ್ಲಿ ಊರಿನ ಪ್ರತಿ ಮನೆಗೂ ಸಮಪಾಲು ಕೊಟ್ಟರು. ಜಮೀನಿಲ್ಲದವರಿಗೂ ಪಾಲು ಇತ್ತು, ಬೇಕಾದರೆ ಮಾರಿಕೊಳ್ಳಬಹುದಿತ್ತು. ಬೆಟ್ಟದಿಂದ ನಮಗೂ ಲಾಭ ಎಂದಾದ ಮೇಲೆ ಜನರೇ ದನ ತಡೆದರು, ಹುಲ್ಲು ಬೆಳೆಯಿತು, ಹುಲ್ಲಿನಿಂದಲೂ ಆದಾಯ ಬಂತು. ನ್ಯೂಯಾರ್ಕ್ ನಗರ 1997ರಲ್ಲಿ ಮಾಡಿಕೊಂಡ ಒಪ್ಪಂದವೂ ಇದೇ ಜಾತಿಯದು. ಕುಡಿಯುವ ನೀರಿಗೆ ನೂರಾರು ಕೋಟಿ ಡಾಲರಿನ ಶೋಧನಾ ಘಟಕ ಕಟ್ಟುವ ಬದಲು, ಆ ನೀರು ಬರುವ ಕ್ಯಾಟ್ಸ್‌ಕಿಲ್ ಬೆಟ್ಟದ ರೈತರಿಗೆ ಗೊಬ್ಬರ ಗುಂಡಿಗೆ, ಹೊಳೆದಂಡೆಯ ಬೇಲಿಗೆ ನಗರವೇ ದುಡ್ಡು ಕೊಟ್ಟಿತು.

ನಿಮ್ಮೂರಿನ ಅಳತೆಗೆ ತಂದುಕೊಂಡರೆ ಹೀಗೆ. ಗೋಮಾಳವನ್ನು ಒಟ್ಟಿಗೇ ಮುಚ್ಚಬೇಡಿ. ಮೂರು ಪಾಲು ಮಾಡಿ, ಒಂದನ್ನು ಎರಡು-ಮೂರು ವರ್ಷ ಬಿಡಿ, ಉಳಿದ ಎರಡರಲ್ಲಿ ಮೇಯಲಿ. ಮುಚ್ಚಿದ ಪಾಲಿನ ಹುಲ್ಲನ್ನು ಕೊಯ್ದು ಒಯ್ಯುವ ಹಕ್ಕು ಕುರಿಯವರಿಗೇ ಮೊದಲು. ಕೆರೆ ಮೀನಿನ ಹರಾಜಿನ ಹಣದಲ್ಲಿ ಮೇಲಿನ ಕೇರಿಗೆ ಇಂತಿಷ್ಟು ಪಾಲು ಎಂದು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನ ಪಾಲು ಚುನಾವಣೆಯವರೆಗೆ ಮಾತ್ರ. ಕಂದಕದ ಕೂಲಿ ಕೆಲಸವೂ ಮೊದಲು ಆ ಮನೆಗಳಿಗೇ ಸಿಗಲಿ. ಮೇಲೆ ಕುರಿಗಳಿಗೆ ಒಂದು ಕುಡಿಯುವ ನೀರಿನ ಕಟ್ಟೆ ಮಾಡಿಕೊಟ್ಟು ಮಾತು ಶುರುಮಾಡಿದರೆ ಅರ್ಧ ಕೆಲಸ ಆದಂತೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮೇಲಿನವರೆಲ್ಲ ತಮ್ಮ ನೀರನ್ನು ತಾವೇ ಹಿಡಿದುಕೊಂಡರೆ ಮಳೆ ಕಡಿಮೆಯಾದ ವರ್ಷ ಕೆಳಗಿನ ಕೆರೆ ತುಂಬುವುದಿಲ್ಲ. ಬದು, ಹೊಂಡ ನೀರನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹಿಡಿದು ನಿಧಾನಕ್ಕೆ ಬಿಡುತ್ತವೆ. ಮೇಲೆ ಹಿಡಿದ ನೀರಿಗೆ ಅಲ್ಲೇ ಹೊಸ ಬೋರ್‌ವೆಲ್ ಕೊರೆದು ಬಾಳೆ, ಅಡಿಕೆ ಹಾಕಿದರೆ ಕೆಳಗಿನವರಿಗೆ ಮೊದಲಿದ್ದದ್ದೂ ಹೋಗುತ್ತದೆ. ನಿಮ್ಮ ಶಿಂಷಾ ಹುಟ್ಟುವುದು ತುಮಕೂರಿನ ದೇವರಾಯನದುರ್ಗದ ಕಡೆ. ಅಲ್ಲಿಂದ ಮದ್ದೂರಿನವರೆಗೆ ಎಷ್ಟು ಊರುಗಳಿವೆ ಎಂದು ಯೋಚಿಸಿ. ಆದ್ದರಿಂದ ಕಂದಕ, ಹೊಂಡದ ಜೊತೆಗೇ ಯಾರು ಯಾವ ಬೆಳೆಗೆ ಎಷ್ಟು ನೀರೆತ್ತಬಹುದು ಎಂಬ ಮಾತೂ ಅದೇ ಸಭೆಯಲ್ಲಿ ಆಗಬೇಕು. ಕಷ್ಟದ ಮಾತು, ಜಗಳ ಆಗುತ್ತದೆ. 500 ಹೆಕ್ಟೇರಿನಷ್ಟು ಕಿರು ಜಲಾನಯನದ ಮಟ್ಟದಲ್ಲಿ, ಎರಡು-ಮೂರು ಊರಿನವರು ಕೂತರೆ ಆಗುವಂಥದ್ದೇ.

ಪ್ರಶ್ನೆ: ದಿಣ್ಣೆ ಮೇಲೆ ಬೇಗ ಬೆಳೆಯುತ್ತದೆಂದು ನೀಲಗಿರಿ ಹಾಕಬಹುದೇ?
— ಹುಣಸೂರು

ಉತ್ತರ: ಬೇಡ. ಹೊಂಗೆ, ಬೇವು, ಸೀತಾಫಲ ಹಾಕಿ. ಕಂದಕದ ಒಳಗೆ ನೆಡಬೇಡಿ, ನೀರು ನಿಂತು ಬೇರು ಕೊಳೆಯುತ್ತದೆ. ಕೆಳಬದಿಯ ಮಣ್ಣಿನ ಏರಿಯ ಮೇಲೆ ನೆಡಿ. ಮೊದಲ ಎರಡು ಬೇಸಿಗೆ ಮುಳ್ಳುಬೇಲಿ.

ಪ್ರಶ್ನೆ: ಬದು, ಕೋಡಿ, ತಡೆಗಳನ್ನು ವರ್ಷದಲ್ಲಿ ಯಾವಾಗ ನೋಡಿಕೊಳ್ಳಬೇಕು?
— ತಿರುಮಕೂಡಲು ನರಸೀಪುರ

ಉತ್ತರ: ಏಪ್ರಿಲ್ ಕೊನೆಗೆ ಒಮ್ಮೆ, ಮುಂಗಾರು ಪೂರ್ವ ಮಳೆಗೆ ಮುಂಚೆ, ಆಗಸ್ಟ್ ಕೊನೆಗೆ ಇನ್ನೊಮ್ಮೆ, ಏಕೆಂದರೆ ಈ ಕಡೆಯ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರಿನದು. ಬಿಲ ಮುಚ್ಚಿ, ಕೋಡಿಯಲ್ಲಿ ಸಿಕ್ಕಿಕೊಂಡ ಕಸ, ಮುಳ್ಳುಕಂಟಿ ತೆಗೆಯಿರಿ. ಅದಕ್ಕಿಂತ ಒಳ್ಳೆಯದು, ಗುಡುಗು ನಿಂತ ಮೇಲೆ, ನೀರು ಇನ್ನೂ ಹರಿಯುತ್ತಿರುವಾಗಲೇ ಕೊಡೆ ಹಿಡಿದು ಗುದ್ದಲಿ ಜೊತೆಗಿಟ್ಟುಕೊಂಡು ಹೊಲದ ಮೇಲಿನಿಂದ ಕೆಳಗೆ ಒಂದು ಸುತ್ತು ನಡೆಯುವುದು. ಎಲ್ಲಿ ಬದುವಿನ ಮೇಲೆ ಹಾಯುತ್ತಿದೆ, ಎಲ್ಲಿ ಪಕ್ಕ ಕೊರೆಯುತ್ತಿದೆ ಎಂದು ಆಗ ಕಣ್ಣಿಗೇ ಕಾಣುತ್ತದೆ. ಅಲ್ಲಿಗೆ ಒಂದು ಗೂಟ ಹೊಡೆದು ಬನ್ನಿ, ದುರಸ್ತಿ ನೀರಿಳಿದ ಮೇಲೆ.